ಬಸುರಿ ಗದ್ದೆಗೆ ಅವಲಕ್ಕಿ ಸರ

ಶಿವಮೊಗ್ಗ ಬಿಟ್ಟಾಗ ಮಧ್ಯಾಹ್ನ ಮೂರು ಗಂಟೆ. ಆಯನೂರು, ಕುಂಸಿ, ಆನಂದಪುರ ದಾಟಿ ಸಾಗರ ಸೇರುವಷ್ಟರಲ್ಲಿ ಮಳೆ ಹಿಡಿಯಿತು. ಕೆಳದಿ ಆಚೆಯ ಹಳ್ಳಿಯೊಂದರಲ್ಲಿ ಗೆಳೆಯನ ಮನೆ. ಅವರು ದೀವರು, ಮಲೆನಾಡಿನ ಒಂದು ಬೇಸಾಯದ ಸಮುದಾಯ. ಬೆಳಗಾದರೆ ಭೂಮಿ ಹುಣ್ಣಿಮೆ, ಗದ್ದೆಯನ್ನು ಪೂಜಿಸುವ ಹಬ್ಬ. "ರಾತ್ರಿ ನಿದ್ದೆ ಸಿಗಲ್ಲ, ಮೊದಲೇ ಹೇಳಿದ್ದೀನಿ" ಅಂತ ಫೋನಿನಲ್ಲೇ ಎಚ್ಚರಿಸಿದ್ದ.

ಜಗಲಿಯಲ್ಲಿ ಎರಡು ಬುಟ್ಟಿ ಕೂತಿದ್ದವು. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿ ಬುಟ್ಟಿ. ಕೆಮ್ಮಣ್ಣು ಬಳಿದ ಮೈಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಕುಂಚ ಅಂಗಡಿಯದ್ದಲ್ಲ, ಪುಂಡಿ ನಾರಿನದ್ದು. ಕೂದಲೆಳೆಯಷ್ಟು ಸಪೂರ ಗೆರೆ ಅದರಲ್ಲಿ ಬರುತ್ತದೆ. ಗೆಳೆಯನ ಹೆಂಡತಿ ಕೊನೆಯ ಸಾಲಿನ ಚುಕ್ಕೆ ಇಡುತ್ತಿದ್ದರು. ಪಕ್ಕದಲ್ಲಿ ಅಜ್ಜಿ, ತಪ್ಪು ಹುಡುಕಲಿಕ್ಕೆ.

ನನ್ನ ಕಣ್ಣು ಬುಟ್ಟಿಗಿಂತ ಜಾಸ್ತಿ ಅಜ್ಜಿಯ ಕೈ ಮೇಲಿತ್ತು. ಮುಂಗೈ ತುಂಬ ಹಚ್ಚೆ. ಚುಕ್ಕೆ, ತುಳಸಿ ಕಟ್ಟೆ, ಒಂದು ಚೇಳು. ಹಸಿರು ಮಾಸಿ, ಸುಕ್ಕಿನ ಜೊತೆ ಸೇರಿಕೊಂಡು, ಚೇಳು ಈಗ ಜರಿಹುಳದ ಹಾಗೆ ಉದ್ದವಾಗಿದೆ.

"ನೋವಾಗಲಿಲ್ವಾ ಅಜ್ಜಿ?"

"ಆಗ್ದೆ ಎಂತ ತಮಾ? ಕೊರವರ ಹೆಂಗಸು ಸೂಜಿ ಹಿಡ್ಕಂಡು ಬಂದ್ರೆ ನಾನು ಅಟ್ಟ ಹತ್ತಿದ್ದೆ. ಅವ್ವ ಎಳ್ಕಂಡು ಬಂದು ಕೂರ್ಸಿದ್ಳು."

ಹೊರಗೆ ಮಳೆ. ಸುಮ್ನೆ ಮೊಬೈಲ್ ತೆಗೆದು ಅವರಿಗೆ ಒಂದಷ್ಟು ಚಿತ್ರ ತೋರಿಸಿದೆ. ಮೊದಲು ಅರುಣಾಚಲದ ಜೀರೋ ಕಣಿವೆಯ ಅಪತಾನಿ ಅಜ್ಜಿಯರು. ಮುಖದ ಮೇಲೆ ಹಚ್ಚೆ, ಮೂಗಿನ ಎರಡೂ ಹೊಳ್ಳೆಗೆ ದೊಡ್ಡ ಕಪ್ಪು ಬಿಲ್ಲೆ. 1970ರ ದಶಕದಲ್ಲಿ ಈ ಪದ್ಧತಿ ನಿಂತುಹೋಯಿತು. ಹಾಗಾಗಿ ಈಗ ವಯಸ್ಸಾದವರಲ್ಲಿ ಮಾತ್ರ ಕಾಣುತ್ತದೆ. ಬೇರೆ ಬುಡಕಟ್ಟಿನವರು ಹೊತ್ತೊಯ್ಯದಿರಲಿ ಅಂತ ಹುಡುಗಿಯರನ್ನು ಬೇಕಂತಲೇ ಕುರೂಪ ಮಾಡುತ್ತಿದ್ದರು ಎನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಕುರೂಪ ಮಾಡುವವರು ಅಷ್ಟು ಅಚ್ಚುಕಟ್ಟಾಗಿ ಗೆರೆ ಎಳೆಯುತ್ತಾರಾ?

ಆಮೇಲೆ ಮ್ಯಾನ್ಮಾರ್‌ನ ಕಯಾನ್ ಹೆಂಗಸರು, ಕತ್ತಿಗೆ ಹಿತ್ತಾಳೆ ಸುರುಳಿ. ಅದರಿಂದ ಕತ್ತೇನೂ ಉದ್ದವಾಗುವುದಿಲ್ಲ. ಭಾರಕ್ಕೆ ಹೆಗಲ ಮೂಳೆ, ಪಕ್ಕೆಲುಬು ಕೆಳಗೆ ಜಗ್ಗುತ್ತವೆ, ಉದ್ದವಾದಂತೆ ಕಾಣುತ್ತದೆ ಅಷ್ಟೆ. ಕೊನೆಗೆ ಇಥಿಯೋಪಿಯಾದ ಮುರ್ಸಿ ಹೆಂಗಸು. ಕೆಳತುಟಿ ಸೀಳಿ ಕೂರಿಸಿದ ಮಣ್ಣಿನ ಬಿಲ್ಲೆ, ಹೆಚ್ಚುಕಮ್ಮಿ ಸಣ್ಣ ತಟ್ಟೆಯಷ್ಟು. ಗಂಡನಿಗೆ ಊಟ ಕೊಡುವಾಗ ಅದನ್ನು ಹಾಕಿಕೊಳ್ಳುವುದುಂಟು ಅಂದೆ.

ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು. "ಇವ್ಳು ಉಣ್ಣದು ಹ್ಯಾಂಗೆ?" ಎಂದರು. ತೆಗೆಯಲಿಕ್ಕೆ ಬರುತ್ತೆ ಅಂದ ಮೇಲೆ ಸಮಾಧಾನವಾಯಿತು. ನಾನು ನಗುತ್ತಿದ್ದೆ. ಅವರು ತಮ್ಮ ಮೂಗುಬೊಟ್ಟು ಮುಟ್ಟಿ ತೋರಿಸಿದರು. "ನಗ್ಬ್ಯಾಡ. ಇದನ್ನ ನೋಡಿ ಅವ್ಳು ಎಂತ ಅಂತಾಳೋ, ಮೂಗಿಗೆ ಯಾರು ಮೊಳೆ ಹೊಡೆದ್ರು ಅಂತ!"

ರಾತ್ರಿಯಿಡೀ ಅಡುಗೆ. ಕಾಡಿನಿಂದ ತಂದ ಬೆರಕೆ ಸೊಪ್ಪು, ಕೊಟ್ಟೆ ಕಡುಬು, ಅಮಟೆಕಾಯಿ. ಭತ್ತದ ತೆನೆ ಇನ್ನೂ ಹೊರಬರದೆ ಹೊಡೆಯೊಳಗೇ ಇರುವ ಕಾಲ. ಭೂಮಿ ಈಗ ಬಸುರಿ, ಇದು ಅವಳ ಬಯಕೆ ಊಟ. ಹಾಗಾಗಿ ಯಾರೂ ರುಚಿ ನೋಡುವ ಹಾಗಿಲ್ಲ. ಹಸಿದು ಕೂತಿದ್ದ ನನಗೆ ಈ ನಿಯಮ ಸ್ವಲ್ಪ ಜಾಸ್ತಿಯಾಯಿತು.

ಬೆಳಕು ಹರಿಯುವ ಮುಂಚೆ ಗೆಳೆಯ ಬುಟ್ಟಿ ಹೊತ್ತು ಹೊರಟ. ಮುಂದೆ ದೊಂದಿ, ಹಿಂದೆ ನಾವು. ಗದ್ದೆ ಅಂಚಿನಲ್ಲಿ ಜಾರಿ ಒಂದು ಕಾಲು ಕೆಸರಿಗೆ ಹೋಯಿತು. ಎತ್ತಿದಾಗ ಮೂರು ಉಂಬಳ ನೇತಾಡುತ್ತಿದ್ದವು. ಗೆಳೆಯ ತಿರುಗಿಯೂ ನೋಡಲಿಲ್ಲ. "ಹಚ್ಚಂಬಲಿ, ಹಾಲಂಬಲಿ" ಎಂದು ಕೂಗುತ್ತಾ ಗದ್ದೆಗೆಲ್ಲ ಅನ್ನ, ಸೊಪ್ಪು ಬೀರುವುದರಲ್ಲೇ ಮುಳುಗಿದ್ದ.

ಗದ್ದೆಯ ಮೂಲೆಯಲ್ಲಿ ಪೂಜೆ. ಒಂದು ಬುಡ ಭತ್ತದ ಸಸಿ ಆರಿಸಿ ಅರಿಶಿನ ಕುಂಕುಮ ಇಟ್ಟರು, ಸೇವಂತಿಗೆ ಮುಡಿಸಿದರು, ಹೊಸ ರವಿಕೆ ಕಣ ಸುತ್ತಿದರು. ಆಮೇಲೆ ಗೆಳೆಯನ ಹೆಂಡತಿ ಕೊರಳಿಂದ ಅವಲಕ್ಕಿ ಸರ ಬಿಚ್ಚಿ ಆ ಸಸಿಗೆ ಹಾಕಿದರು. ಅಷ್ಟು ಬಂಗಾರ ಕೆಸರಿನ ಮೇಲೆ, ನಾಲ್ಕು ಹಸಿರು ಕಡ್ಡಿಗೆ ನೇತಾಡುತ್ತಿತ್ತು. ಬರಿಗೊರಳಲ್ಲಿ ನಿಂತು ಕೈ ಮುಗಿದರು. ನಾನು ನೋಡಿದ ಮದುವೆಗಳಲ್ಲಿ ಒಡವೆ ಹೇರಿಕೊಂಡವರು ಬಹಳ ಜನ. ಹೀಗೆ ಬಿಚ್ಚಿ ಇನ್ನೊಬ್ಬಳನ್ನು ಸಿಂಗರಿಸಿದ್ದನ್ನು ಕಂಡದ್ದು ಇದೇ ಮೊದಲು. ಹೊಟ್ಟೆ ಬಂದ ಹೆಣ್ಣು ಚೆಂದ ಅಂತ ನಮ್ಮ ಕಡೆ ಹೇಳುತ್ತಾರಲ್ವಾ, ಇಲ್ಲಿ ಅದನ್ನು ಗದ್ದೆಗೂ ಹೇಳುತ್ತಾರೆ.

ಒಂದು ಎಡೆಯನ್ನು ಭೂಮಿಯಲ್ಲಿ ಹೂತು, ಕಾಗೆಗೂ ಇಲಿಗೂ ಅವರವರ ಪಾಲು ಇಟ್ಟು, ನಾವು ಅಲ್ಲೇ ಕೂತು ಉಂಡೆವು. ಸರ ಮತ್ತೆ ಕೊರಳಿಗೆ ಬಂತು, ಇಬ್ಬನಿ ಒರೆಸಲಿಲ್ಲ.

ಮನೆಯಲ್ಲಿ ಅಜ್ಜಿ ಕಾಯುತ್ತಿದ್ದರು. ಮಂಡಿ ನೋವು, ಗದ್ದೆಗೆ ಬಂದಿರಲಿಲ್ಲ. ಮೊಬೈಲಿನಲ್ಲಿ ಸಸಿಯ ಚಿತ್ರ ತೋರಿಸಿದೆ. ಬಂಗಾರ ಹೊಳೆಯುವ ಹಾಗೆ ಕಷ್ಟಪಟ್ಟು ತೆಗೆದದ್ದು. ಅಜ್ಜಿ ಸರವನ್ನು ದಾಟಿ ಕಡ್ಡಿಯ ಮೇಲೆ ಬೆರಳಿಟ್ಟರು.

"ಈ ಸಲ ಹೊಡೆ ಸಣ್ಣ ಐತಲ್ಲೋ ತಮಾ" ಎಂದರು.