ಬಾಗಿಲಿನಿಂದ ಬರುವವರೇ ಇಲ್ಲವೇ?

ಜುಲೈ 12, 2025, ಶನಿವಾರ, ರಾತ್ರಿ 11.40

ಇವರು ಊರಿನಲ್ಲಿಲ್ಲ. ನಿನ್ನೆ ಆಷಾಢ ಶುಕ್ರವಾರದ ಗಲಾಟೆಯಲ್ಲಿ ಬೆಟ್ಟದ ಕಡೆಯ ರಸ್ತೆಯೆಲ್ಲ ಜನವೋ ಜನ. ಇವತ್ತು ಇಡೀ ಬೀದಿ ಸುಸ್ತಾಗಿ ಮಲಗಿದಂತಿತ್ತು. ಎಂಟು ಗಂಟೆಗೇ ಊಟ ಮುಗಿಯಿತು. ಅತ್ತೆ ಶ್ರಾವಣಕ್ಕೆಂದು ಗೆಜ್ಜೆವಸ್ತ್ರ ಮಾಡಲು ಕುಳಿತರು: ತಟ್ಟೆಯಲ್ಲಿ ಹತ್ತಿ, ಪುಟ್ಟ ಬಟ್ಟಲಲ್ಲಿ ಎರಡು ಚಮಚ ಹಾಲು. ನಾನು ‘ಮಾರಿಸ್’ ಹಾಕಿದೆ.

ಬಹಳ ದಿನಗಳಿಂದ ನೋಡಬೇಕೆಂದು ಇಟ್ಟುಕೊಂಡಿದ್ದ ಚಿತ್ರ. ಅತ್ತೆ ಒಳಗೆ ಹೋಗಿ ಮಲಗುತ್ತಾರೆ, ಆಮೇಲೆ ನೋಡೋಣ ಎಂದುಕೊಂಡಿದ್ದೆ. ಅವರು ಹೋಗಲಿಲ್ಲ. "ಹಾಕು, ನನಗೇನು ತೊಂದರೆಯಿಲ್ಲ" ಎಂದರು. ನನಗೆ ತೊಂದರೆಯಿತ್ತು!

ಕಥೆ ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ಇಂಗ್ಲೆಂಡಿನದು. ಕೇಂಬ್ರಿಡ್ಜಿನಲ್ಲಿ ಓದುವ ಇಬ್ಬರು ಹುಡುಗರು, ಮಾರಿಸ್ ಮತ್ತು ಕ್ಲೈವ್. ಕ್ಲೈವ್ ಜಮೀನುದಾರರ ಮನೆಯವನು. ಮುಂದೆ ಪಾರ್ಲಿಮೆಂಟಿಗೆ ನಿಲ್ಲಬೇಕಾದವನು. ಒಂದು ದೃಶ್ಯದಲ್ಲಿ ಕ್ಲೈವ್ ನೆಲದ ಮೇಲೆ ಕುಳಿತು ಕುರ್ಚಿಯಲ್ಲಿರುವ ಮಾರಿಸ್‌ಗೆ ಒರಗಿರುತ್ತಾನೆ, ಮಾರಿಸ್ ಅವನ ತಲೆಗೂದಲಲ್ಲಿ ಬೆರಳಾಡಿಸುತ್ತಾನೆ. ಅತ್ತೆ ಕನ್ನಡಕದ ಮೇಲಿನಿಂದ ನೋಡಿ, "ಇವರು ಸ್ನೇಹಿತರೇ?" ಎಂದು ಕೇಳಿದರು.

"ಹೌದು ಅತ್ತೆ, ಕಾಲೇಜಿನ ಸ್ನೇಹಿತರು."

"ನನಗೇನು ಕಣ್ಣಿಲ್ಲವೇನೇ" ಎಂದು ಹತ್ತಿಯನ್ನು ಹಾಲಿಗೆ ಸೋಕಿಸಿ ಹೊಸೆದರು. ನನಗೆ ಕಿವಿ ಬಿಸಿಯಾಯಿತು. ಐವತ್ತರ ಹತ್ತಿರ ಬಂದರೂ ಅತ್ತೆಯ ಮುಂದೆ ಸುಳ್ಳು ಹೇಳಿ ಸಿಕ್ಕಿಬೀಳುವುದು ತಪ್ಪಲಿಲ್ಲ.

ಆಮೇಲೆ ನಾನೇ ಒಂದೊಂದಾಗಿ ಹೇಳಿದೆ. ಇದರ ಮೂಲ ಕಾದಂಬರಿಯನ್ನು ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ ಬರೆದದ್ದು 1913–14ರಲ್ಲಿ. ಅಚ್ಚಾದದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಐವತ್ತೇಳು ವರ್ಷ ಹಸ್ತಪ್ರತಿ ಪೆಟ್ಟಿಗೆಯಲ್ಲೇ ಇತ್ತು, ನಂಬಿಕೆಯ ಗೆಳೆಯರು ಮಾತ್ರ ಓದಿದ್ದರು. ಯಾಕೆ ಎಂದರು. 1885ರ ಒಂದು ಕಾನೂನು: ಇಬ್ಬರು ಗಂಡಸರು ನಾಲ್ಕು ಗೋಡೆಯ ಒಳಗೆ ಇದ್ದರೂ ಎರಡು ವರ್ಷದವರೆಗೆ ಜೈಲು. ಲೇಖಕ ಆಸ್ಕರ್ ವೈಲ್ಡ್ 1895ರಲ್ಲಿ ಒಳಗೆ ಹೋದದ್ದು ಅದರಲ್ಲೇ. ಅಲ್ಲಿ ಅದು ಸಡಿಲವಾದದ್ದು 1967ರಲ್ಲಿ. ನಮಗೆ ಅವರೇ ಕೊಟ್ಟುಹೋದ ಅಂಥದೇ ಕಾನೂನು, ಸೆಕ್ಷನ್ 377, ಹೋಗಲು 2018ರ ಸೆಪ್ಟೆಂಬರ್ ಬರಬೇಕಾಯಿತು. "ಅದು ನೆನಪಿದೆ, ಪೇಪರಿನಲ್ಲಿ ಪೂರ್ತಿ ಓದಿದ್ದೆ" ಎಂದರು ಅತ್ತೆ. ಪೂರ್ತಿ ಓದಿದ್ದರಂತೆ. ಏಳು ವರ್ಷದಿಂದ ಒಂದೇ ಮನೆಯಲ್ಲಿದ್ದೂ ಆ ಬಗ್ಗೆ ನಾವು ಒಂದು ಮಾತು ಆಡಿರಲಿಲ್ಲ.

ಚಿತ್ರದಲ್ಲಿ ಕ್ಲೈವ್ ಬದಲಾಗುವುದು ಭಯಕ್ಕೆ. ಅವನ ಜೊತೆಯಲ್ಲೇ ಓದಿದ ರಿಸ್ಲಿ, ಅವನೂ ದೊಡ್ಡ ಮನೆತನದವನೇ, ಸಿಕ್ಕಿಬಿದ್ದು ಆರು ತಿಂಗಳ ಕಠಿಣ ಸಜೆಗೆ ಹೋಗುತ್ತಾನೆ. ಈ ಮೊಕದ್ದಮೆ ಕಾದಂಬರಿಯಲ್ಲಿ ಇಲ್ಲ, ಚಿತ್ರಕ್ಕಾಗಿ ಸೇರಿಸಿದ್ದು. ಒಳ್ಳೆಯದೇ ಮಾಡಿದರು ಅನ್ನಿಸಿತು. ಕಾದಂಬರಿಯ ಕ್ಲೈವ್ ಗ್ರೀಸಿಗೆ ಹೋಗಿ ಇದ್ದಕ್ಕಿದ್ದಂತೆ ‘ನಾನೀಗ ಸರಿಯಾದೆ’ ಎನ್ನುವುದನ್ನು ನಾನು ಓದಿದಾಗಲೇ ನಂಬಿರಲಿಲ್ಲ. ಇಲ್ಲಿ ಹಾಗಲ್ಲ. ಕಾರಣ ಕಣ್ಣೆದುರಿಗಿದೆ. ಅವನು ಮದುವೆಯಾಗುತ್ತಾನೆ. ಮನೆಯ ಮಾಡು ಸೋರುತ್ತಿದ್ದರೂ ಮನೆತನ ಸೋರಬಾರದಲ್ಲ.

ಮಧ್ಯೆ ಒಂದು ನಗು. ಮಾರಿಸ್ ತನ್ನನ್ನು ‘ವಾಸಿ’ ಮಾಡಿಸಿಕೊಳ್ಳಲು ಮನೆಯ ವೈದ್ಯರ ಹತ್ತಿರ ಹೋಗುತ್ತಾನೆ. ಅವರು ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಆಮೇಲೆ ಸಂಮೋಹನ ಮಾಡುವವನೊಬ್ಬನ ಹತ್ತಿರ ಹೋಗುತ್ತಾನೆ. ಅವನ ಮುಖ ಕಂಡದ್ದೇ ಅತ್ತೆ, "ಇವನು ಗಾಂಧಿಯಲ್ಲವೇ!" ಎಂದು ಕೂಗಿದರು. ಹೌದು, ಬೆನ್ ಕಿಂಗ್ಸ್ಲಿ. ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ನಡೆಸಿಕೊಂಡು ‘ಗಾಂಧಿ’ ತೋರಿಸಲು ಹೋಗಿದ್ದ ಮೇಡಂ ಇವರು, ಮರೆಯುತ್ತಾರೆಯೇ? ಗಾಂಧಿ ಏನು ಹೇಳುತ್ತಿದ್ದಾನೆ ಎಂದು ಕೇಳಿದರು. ಇದು ಅಪರಾಧವಲ್ಲದ ದೇಶ ಫ್ರಾನ್ಸೋ ಇಟಲಿಯೋ ನೋಡಿಕೋ, ಅಲ್ಲಿಗೆ ಹೋಗು ಎನ್ನುತ್ತಿದ್ದಾನೆ ಎಂದೆ. "ಗಾಂಧಿ ಹಾಗೆ ಹೇಳುತ್ತಿರಲಿಲ್ಲ" ಎಂದು ತೀರ್ಪು ಕೊಟ್ಟರು. ಏನು ಹೇಳುತ್ತಿದ್ದರೋ, ನಾನು ಕೆದಕಲಿಲ್ಲ.

ಕ್ಲೈವ್‌ನ ಮನೆಯವರ ಬೇಟೆಯ ಕಾಡು ಕಾಯುವ ಹುಡುಗ ಅಲೆಕ್, ಅಲ್ಲಿಗೆ ಬಂದಿದ್ದ ಮಾರಿಸ್‌ಗಾಗಿ, ರಾತ್ರಿ ಏಣಿ ಹಾಕಿಕೊಂಡು ಮಾರಿಸ್‌ನ ಕೋಣೆಯ ಕಿಟಕಿ ಹತ್ತಿ ಬಂದಾಗ ಅತ್ತೆಗೆ ಸಾಕಾಗಿತ್ತು. ಹಿಂದೆ ಕೇಂಬ್ರಿಡ್ಜಿನಲ್ಲಿ ಮಾರಿಸ್ ಕೂಡ ಕ್ಲೈವ್‌ನ ಕಿಟಕಿಯಿಂದಲೇ ಒಳಗೆ ಹಾರಿದ್ದ. "ಇಷ್ಟು ದೊಡ್ಡ ಮನೆ, ಇಷ್ಟು ಆಳುಕಾಳು. ಬಾಗಿಲಿನಿಂದ ಬರುವವರೇ ಇಲ್ಲವೇ ಇದರಲ್ಲಿ?"

ನಾನು ನಕ್ಕೆ. ಆಮೇಲೆ ನಗು ನಿಂತಿತು. ಇಷ್ಟು ವರ್ಷಗಳಲ್ಲಿ ಈ ಚಿತ್ರದ ಬಗ್ಗೆ ನಾನು ಓದಿದ್ದೆಲ್ಲ ಒಂದು ಕಡೆ, ಅತ್ತೆಯ ಈ ಪ್ರಶ್ನೆ ಒಂದು ಕಡೆ.

ನಿರ್ದೇಶಕ ಜೇಮ್ಸ್ ಐವರಿಗೆ ಈ ಚಿತ್ರಕ್ಕಾಗಿ 1987ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಬೆಳ್ಳಿ ಸಿಂಹ ಪ್ರಶಸ್ತಿ ಬಂತು. ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್, ಮುಂಬಯಿಯವರು. ಇಬ್ಬರೂ ನಾಲ್ಕು ದಶಕ ಜೊತೆಗೆ ಬದುಕಿದರು, ಜೊತೆಗೆ ಚಿತ್ರ ಮಾಡಿದರು. ಮರ್ಚೆಂಟ್ 2005ರಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆಯೇ ಐವರಿ ಅದನ್ನು ಮನಬಿಚ್ಚಿ ಹೇಳಿದ್ದು. ಮರ್ಚೆಂಟ್ ಅವರ ಸಂಪ್ರದಾಯಸ್ಥ ಮನೆಯವರ ಮುಲಾಜಿತ್ತಂತೆ. ಇಂಥ ಚಿತ್ರ ಮಾಡಿ ಲೋಕಕ್ಕೆಲ್ಲ ತೋರಿಸಿದವರು ತಮ್ಮ ಮನೆಯ ಕಿಟಕಿಯನ್ನು ಓರೆ ಮಾಡಿಟ್ಟುಕೊಂಡೇ ಇದ್ದರು. ಇದನ್ನು ಅತ್ತೆಗೆ ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಕೊನೆಯ ದೃಶ್ಯ ಬಂತು.

ಮಾರಿಸ್ ಎಲ್ಲ ಬಿಟ್ಟು ಅಲೆಕ್‌ನ ಹತ್ತಿರ ಹೋಗಿಯಾಗಿದೆ. ಹಾಗೆ ಹೋಗುವ ಮುನ್ನ ಕ್ಲೈವ್‌ಗೆ ಹೇಳಿಯೂ ಹೋಗಿದ್ದಾನೆ. ಕ್ಲೈವ್ ಮನೆಯೊಳಗೆ ಬರುತ್ತಾನೆ. ಹೆಂಡತಿ ಆನ್ ಇದ್ದಾಳೆ, ಅವಳನ್ನು ಮೃದುವಾಗಿಯೇ ಮಾತನಾಡಿಸುತ್ತಾನೆ. ಆಮೇಲೆ ಕಿಟಕಿ ಮುಚ್ಚಲು ಹೋಗಿ ನಿಂತುಬಿಡುತ್ತಾನೆ. ಹೊರಗೆ ಕತ್ತಲಿದೆ, ಅವನಿಗೆ ಕಾಣುವುದು ಕೇಂಬ್ರಿಡ್ಜಿನ ಬಿಸಿಲು, ಬಾ ಎಂದು ಕೈಬೀಸಿ ಕರೆಯುವ ಮಾರಿಸ್.

ಅತ್ತೆಯ ಕೈ ನಿಂತಿತು. ಹತ್ತಿಯ ಎಳೆ ಹೆಬ್ಬೆರಳು ತೋರುಬೆರಳ ನಡುವೆ ಹಾಗೇ ಇತ್ತು.

"ಆ ಹುಡುಗಿಗೆ ಗೊತ್ತಿತ್ತೇನೇ?"

ಚಿತ್ರ ಹೇಳುವುದಿಲ್ಲ. ಕಾದಂಬರಿ ಮುಗಿಯುವುದು ಕ್ಲೈವ್ ಒಳಗೆ ಹೋಗಿ ಅವಳಿಂದ ನಿಜವನ್ನು ಮರೆಮಾಡುವ ಉಪಾಯ ಹುಡುಕುವಲ್ಲಿಗೆ. ಅದನ್ನೇ ಹೇಳಿದೆ.

"ಬರೆದವನಿಗೆ ಅಷ್ಟೇ ಗೊತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಟಿವಿಯ ಕಡೆ ನೋಡುತ್ತಲೇ, "ನಮ್ಮ ಭಾವನೂ ಹೀಗೇ. ರಾತ್ರಿ ಒಂದೊಂದೇ ಕಿಟಕಿ, ಚಿಲಕ, ಹಿತ್ತಿಲ ಬಾಗಿಲು ಎಲ್ಲ ನೋಡಿಕೊಂಡು ಬರುವಷ್ಟರಲ್ಲಿ ಅಕ್ಕ ನಿದ್ದೆ ಹೋಗಿರುತ್ತಿದ್ದಳು. ನಿದ್ದೆ ಹೋದವಳ ಹಾಗೆ ಮಲಗಿರುತ್ತಿದ್ದಳು. ಒಂದು ದಿನ ಗಟ್ಟಿ ಮಾತು ಆಡಿದವರಲ್ಲ ಭಾವ. ದೇವರಂಥವರು ಎನ್ನುತ್ತಿದ್ದಳು ಅಕ್ಕ. ದೇವರಂಥವರು, ದೇವರಂಥವರು. ನನಗೆ ಕೇಳಿ ಕೇಳಿ ಸಿಟ್ಟು ಬರುತ್ತಿತ್ತು."

ನಾನು ಉಸಿರಾಡಲಿಲ್ಲ. ಇನ್ನೇನಾದರೂ ಹೇಳುತ್ತಾರೆಂದು ಕಾದೆ. ಅವರು ಗೆಜ್ಜೆವಸ್ತ್ರಗಳನ್ನು ಎಣಿಸಿದರು, ಇಪ್ಪತ್ತೊಂದು, ಡಬ್ಬಿಗೆ ಹಾಕಿದರು. "ಬೆಳಗ್ಗೆ ಹಾಲು ಬೇಗ ಬರುತ್ತದೆ, ಮಲಗು" ಎಂದು ಎದ್ದು ಹೋದರು.

ಇವರ ದೊಡ್ಡಪ್ಪನನ್ನು ನಾನು ನೋಡಿದ್ದು ಎರಡೇ ಸಲ. ಬಿಳಿ ಪಂಚೆ, ನಯವಾದ ಮಾತು. ಮೇಷ್ಟರನ್ನೂ ನೋಡಿದ್ದೇನೆ, ಭಾನುವಾರ ತಪ್ಪದೆ ಅವರ ಮನೆಗೆ ಬರುತ್ತಿದ್ದವರು. ದೊಡ್ಡಮ್ಮ ಅವರಿಗೆಂದೇ ಒಂದು ಲೋಟ ಬೇರೆ ಇಟ್ಟಿದ್ದರು. ಜಾತಿಯ ಕಾರಣಕ್ಕೆ ಎಂದು ಆಗ ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಆ ಲೋಟವನ್ನು ದೊಡ್ಡಮ್ಮನೇ ತಿಕ್ಕಿ, ಒರೆಸಿ, ದೇವರ ಸಾಮಾನಿನ ಪಕ್ಕ ಬೋರಲು ಹಾಕುತ್ತಿದ್ದರು, ಕೆಲಸದವಳಿಗೆ ಕೊಡುತ್ತಿರಲಿಲ್ಲ. ಹಾಗೆ ನೋಡಿದರೆ ಅದು ಜಾತಿಯ ಲೋಟ ಹೇಗಾಗುತ್ತದೆ?

ಈಗ ಅದು ನಮ್ಮ ಅಡುಗೆಮನೆಯಲ್ಲಿದೆ, ದೊಡ್ಡಮ್ಮನ ಮನೆ ಖಾಲಿ ಮಾಡಿದಾಗ ಬಂದ ಪಾತ್ರೆಗಳ ಜೊತೆ. ಈಗಷ್ಟೇ ಎದ್ದು ಹೋಗಿ ತೆಗೆದು ನೋಡಿದೆ. ಕಂಠದ ಕೆಳಗೆ ಹೆಸರು ಕೊರೆಸಿದ್ದಾರೆ, ಸವೆದಿದೆ. ಮೊದಲ ಅಕ್ಷರ ದೊಡ್ಡಪ್ಪನದು. ಎರಡನೆಯದು ಮೇಷ್ಟರದೋ ದೊಡ್ಡಮ್ಮನದೋ, ಇಬ್ಬರಿಗೂ ಒಂದೇ ಅಕ್ಷರ.

ನಾಳೆ ಇವರು ಫೋನ್ ಮಾಡಿದಾಗ ಕೇಳಬೇಕು. ಏನೆಂದು ಕೇಳುವುದು? ಮೇಷ್ಟರು ಈಗ ಎಲ್ಲಿದ್ದಾರೆ ಎಂದು ಬೇಡ. ಆ ಲೋಟ ಕೊರೆಸಿದವರು ಯಾರು ಎಂದು ಮಾತ್ರ, ಸುಮ್ಮನೆ, ಪಾತ್ರೆಯ ವಿಷಯ ಎನ್ನುವ ಹಾಗೆ