ಫ್ಯಾನ್ ತಿರುಗಿತು ಅಂದ್ರೆ ಎಸ್‌ಎಂಪಿಎಸ್ ಸರಿ ಇದೆ ಅಂತಲ್ಲ

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರ್ ಒಂದೇ ತಿಂಗಳಲ್ಲಿ ಮೂರು ಸಲ ನನ್ನ ಟೇಬಲ್ಲಿಗೆ ಬಂದಿತ್ತು. ಅವರಿಗೆ ಮದುವೆ ಸೀಸನ್. ವಿಡಿಯೋ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನೆಲ್ಲ ಸೇರಿಸಿ ಒಂದೇ ಫೈಲ್ ಮಾಡುವ ಭಾರೀ ಕೆಲಸ) ಹಾಕಿದ ಹತ್ತು ನಿಮಿಷದೊಳಗೆ ಪಟ್ ಅಂತ ರೀಸ್ಟಾರ್ಟ್ ಆಗುತ್ತಿತ್ತು. ಬಿಲ್ ಟೈಪ್ ಮಾಡಲಿ, ಫೋಟೋ ನೋಡಲಿ, ಆಗ ಏನೂ ತೊಂದರೆ ಇಲ್ಲ.

ಎಸ್‌ಎಂಪಿಎಸ್ ಅಂದ್ರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ. ಮೊದಲ ಸಲ ನಾನು ಮಾಡಿದ್ದು ನಮ್ಮಲ್ಲಿ ಎಲ್ಲರೂ ಅದಕ್ಕೆ ಮಾಡುವ ಟೆಸ್ಟ್. ಮದರ್‌ಬೋರ್ಡಿನಿಂದ ಅದರ 24 ಪಿನ್ ಕನೆಕ್ಟರ್ ಕಿತ್ತು, ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿದೆ. ಹಾಗೆ ಮಾಡಿದರೆ ಎಸ್‌ಎಂಪಿಎಸ್ ಒಂದೇ ಆನ್ ಆಗುತ್ತದೆ. ಫ್ಯಾನ್ ತಿರುಗಿತು. ಮೀಟರ್‌ನಲ್ಲಿ ಹಳದಿ 12.14, ಕೆಂಪು 5.06, ಕಿತ್ತಳೆ 3.34 ವೋಲ್ಟ್. "ಎಸ್‌ಎಂಪಿಎಸ್ ಚೆನ್ನಾಗಿದೆ ಅಣ್ಣ" ಅಂದೆ. ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಿ ಹಾಕಿದೆ. ಪ್ರೊಸೆಸರ್‌ಗೆ ಹೊಸ ಪೇಸ್ಟ್ ಹಚ್ಚಿದೆ. ಎರಡನೇ ಸಲ ಬಂದಾಗ ವಿಂಡೋಸ್ ಹೊಸದಾಗಿ ಹಾಕಿಕೊಟ್ಟೆ. ಅದಕ್ಕೆ ಅವರ ಎರಡು ದಿನ ಹೋಯಿತು.

ಮೂರನೇ ಸಲ ಬಂದಾಗ ಅವರು ಬೈಯಲಿಲ್ಲ. "ಶನಿವಾರ ವಿಡಿಯೋ ಕೊಡ್ಬೇಕು ಮಾರಾಯ, ಏನಾದ್ರೂ ಮಾಡು" ಅಂದರು, ಅಷ್ಟೇ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಆವತ್ತು ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದು ಕೂತೆ. ವಿಂಡೋಸ್‌ನ ಈವೆಂಟ್ ಪಟ್ಟಿಯಲ್ಲಿ ಕರ್ನಲ್-ಪವರ್ 41 ಅಂತ ಸಾಲು ಸಾಲಾಗಿ ಬಂದಿತ್ತು. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅನ್ನೋದನ್ನು ಮಾತ್ರ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಆಗ ನನಗೆ ಹೊಳೆದದ್ದು ಇಷ್ಟು: ನಾನು ಎಸ್‌ಎಂಪಿಎಸ್ ಅಳೆದದ್ದು ಅದಕ್ಕೆ ಕೆಲಸವೇ ಇಲ್ಲದಾಗ. ಖಾಲಿ ಗಾಡಿ ಎಳೆಯೋ ಎತ್ತನ್ನು ನೋಡಿ ಗಟ್ಟಿ ಇದೆ ಅಂದ ಹಾಗೆ.

ಈ ಸಲ ಕನೆಕ್ಟರ್ ಕೀಳಲಿಲ್ಲ. ಕಪ್ಪು ಪ್ರೋಬನ್ನು ಖಾಲಿ ಇದ್ದ ಹಾರ್ಡ್‌ಡಿಸ್ಕ್ ಕನೆಕ್ಟರ್‌ನ ಕಪ್ಪು ವೈರಿಗೆ ಸಿಕ್ಕಿಸಿದೆ. ಕೆಂಪು ಪ್ರೋಬಿನ ಮೊನೆಯನ್ನು ಗ್ರಾಫಿಕ್ಸ್ ಕಾರ್ಡಿನ 6 ಪಿನ್ ಕನೆಕ್ಟರ್‌ಗೆ ಹಿಂದಿನಿಂದ, ಹಳದಿ ವೈರ್ ಒಳಗೆ ಹೋಗುವ ತೂತಿನಲ್ಲಿ ಇಳಿಸಿದೆ. ಕೈ ಅಲುಗಾಡಬಾರದು. ಪಕ್ಕದ ಪಿನ್ನಿಗೆ ತಾಗಿದರೆ ಶಾರ್ಟ್. ಸುಮ್ನೆ ಇದ್ದಾಗ 12.06. ಅವರದೇ ಮದುವೆ ವಿಡಿಯೋ ರೆಂಡರ್‌ಗೆ ಹಾಕಿದೆ. ಕಾರ್ಡಿನ ಫ್ಯಾನ್ ಜೋರಾಯಿತು. 11.71. ಎರಡು ನಿಮಿಷಕ್ಕೆ 11.48. ಬಿಸಿ ಏರಿದ ಹಾಗೆ ಅಂಕಿ ಇಳಿಯುತ್ತಾ ಹೋಯಿತು. 11.30, 11.22, 11.17. ಪರದೆ ಕಪ್ಪಾಯಿತು.

ಕಂಪ್ಯೂಟರ್ ಎಸ್‌ಎಂಪಿಎಸ್‌ಗಳಿಗೆ ಎಟಿಎಕ್ಸ್ ಅಂತ ಒಂದು ಮಾನದಂಡ ಇದೆ. ಇಂಥ ಹಳೇ ಎಸ್‌ಎಂಪಿಎಸ್‌ಗಳಿಗೆ ಅದರ ಲೆಕ್ಕದಲ್ಲಿ ಶೇಕಡಾ 5ರಷ್ಟು ಹೆಚ್ಚುಕಡಿಮೆ ಆಗಬಹುದು. ಅಂದರೆ 12 ವೋಲ್ಟ್ ಲೈನ್ 11.40ರಿಂದ 12.60ರ ಒಳಗಿರಬೇಕು. 5 ವೋಲ್ಟ್ 4.75ರಿಂದ 5.25, 3.3 ವೋಲ್ಟ್ ಸುಮಾರು 3.14ರಿಂದ 3.47. ಇಲ್ಲಿ ಹಳದಿ ವೈರ್ ಈ ಮಿತಿಗಿಂತ ಕೆಳಗೆ ಇಳಿದಿತ್ತು. ಮತ್ತೆ ರೆಂಡರ್‌ಗೆ ಹಾಕಿ ಕೆಂಪು ವೈರ್ ನೋಡಿದರೆ ಅದು 5.04ರಿಂದ 5.23ಕ್ಕೆ ಏರಿತ್ತು. ಹಳೇ ಕಡಿಮೆ ಬೆಲೆಯ ಎಸ್‌ಎಂಪಿಎಸ್‌ಗಳಲ್ಲಿ ಎರಡೂ ಲೈನಿಗೆ ಒಂದೇ ಕಡಿವಾಣ. 12 ಕುಸಿದರೆ ಅದನ್ನು ಎತ್ತಲು ಹೋಗಿ 5 ಮೇಲೇರುತ್ತದೆ. ಇದನ್ನು ಕಣ್ಣಾರೆ ಕಂಡಿದ್ದು ಅವತ್ತೇ ಮೊದಲು.

ಆದರೂ ತಕ್ಷಣ ಎಸ್‌ಎಂಪಿಎಸ್ ಮೇಲೆ ತಪ್ಪು ಹೊರಿಸಲಿಲ್ಲ. ಕಾರ್ಡಿಗೆ ಕರೆಂಟ್ ಹೋಗುತ್ತಿದ್ದದ್ದು ಒಂದು ಕನ್ವರ್ಟರ್ ವೈರಿನ ಮೂಲಕ. ಅದರ ಎಸ್‌ಎಂಪಿಎಸ್ ಕಡೆಯ ತುದಿಯಲ್ಲೂ ಅಳೆದೆ. ಲೋಡ್ ಇದ್ದಾಗ 11.26. ವೈರಿನಲ್ಲಿ ಕಳೆದುಹೋಗಿದ್ದು 0.1 ವೋಲ್ಟೂ ಇಲ್ಲ. ಗೋಡೆಯ ಸಾಕೆಟ್ಟಿನಲ್ಲಿ 228. ಇಷ್ಟಾದ ಮೇಲೆ ಅನುಮಾನ ಉಳಿಯಲಿಲ್ಲ.

ಮರುದಿನ ಪಕ್ಕದ ಟಿವಿ ರಿಪೇರಿ ಅಂಗಡಿಗೆ ಆ ಎಸ್‌ಎಂಪಿಎಸ್ ಒಯ್ದೆ. ಅಲ್ಲಿನ ಹಿರಿಯರ ಹತ್ತಿರ ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇದೆ. ಮಲ್ಟಿಮೀಟರ್ ಸರಾಸರಿ ಮಾತ್ರ ತೋರಿಸುತ್ತದೆ, ಒಳಗಿನ ನಡುಕ ಅದಕ್ಕೆ ಕಾಣುವುದಿಲ್ಲ. 12 ವೋಲ್ಟಿನಲ್ಲಿ ಈ ರಿಪಲ್ 120 ಮಿಲಿವೋಲ್ಟ್ ದಾಟಬಾರದು, 5 ಮತ್ತು 3.3ರಲ್ಲಿ 50. ಅವರು ಒಂದು ಬಿಳಿ ಟೈಲ್ ಮೇಲೆ ಕಾರಿನ ಹೆಡ್‌ಲೈಟ್ ಬಲ್ಬ್ ಇಟ್ಟು ಹಳದಿ-ಕಪ್ಪಿಗೆ ಕೊಟ್ಟರು. 55 ವ್ಯಾಟ್ ಬಲ್ಬ್ ಒಂದು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. "ಎಲ್ಲಾ ಒಟ್ಟಿಗೆ ಕೊಡ್ಬೇಡ ಕಣೋ, ತಣ್ಣಗಿರೋ ಫಿಲಮೆಂಟು ಒಂದೇ ಸಲ ಜಾಸ್ತಿ ಎಳೀತದೆ. ಒಳ್ಳೇ ಎಸ್‌ಎಂಪಿಎಸ್ ಕೂಡ ಟ್ರಿಪ್ ಆಗ್ತದೆ" ಅಂದರು. ಒಂದೊಂದಾಗಿ ಮೂರು ಹಚ್ಚಿದೆವು. ಪರದೆಯ ಗೆರೆ ಗರಗಸದ ಹಲ್ಲಿನ ಹಾಗೆ ಎದ್ದಿತು. 300 ಮಿಲಿವೋಲ್ಟಿಗೂ ಮೇಲೆ.

ಅವರೇ ಡಬ್ಬಿ ಬಿಚ್ಚಿದರು. ನೀವು ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ನಡುಕವನ್ನು ತಗ್ಗಿಸುವ, ಔಟ್‌ಪುಟ್ ಕಡೆಯ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಒಂದರ ತುದಿಯಲ್ಲಿ ಕಂದು ಅಂಟು ಒಣಗಿ ಕೂತಿತ್ತು.

ಹೊಸ ಎಸ್‌ಎಂಪಿಎಸ್ ಹಾಕಿ ಅದೇ ವಿಡಿಯೋ ಒಂದು ಗಂಟೆ ಓಡಿಸಿದೆ. 11.96ರಿಂದ ಕೆಳಗೆ ಇಳಿಯಲಿಲ್ಲ. ವಿಂಡೋಸ್ ಹಾಕಿದ್ದಕ್ಕೆ ತೆಗೆದುಕೊಂಡ ದುಡ್ಡನ್ನು ಬಿಲ್ಲಿನಲ್ಲಿ ಕಳೆದೆ. ಅವರು ಬೇಡ ಅಂದರು. ಆದರೆ ಆ ಕೆಲಸ ಬೇಕೇ ಇರಲಿಲ್ಲ ಅಲ್ವಾ?

ಈಗ ನನ್ನ ಟೇಬಲ್ ಮೇಲೂ ಒಂದು ಟೈಲ್, ನಾಲ್ಕು ಹೆಡ್‌ಲೈಟ್ ಬಲ್ಬ್ ಇವೆ. ಪೇಪರ್ ಕ್ಲಿಪ್ ಬಿಟ್ಟಿಲ್ಲ, ಅದು ಸತ್ತಿದೆಯಾ ಬದುಕಿದೆಯಾ ಅಂತ ನೋಡಲು ಮಾತ್ರ. ಕಂಪ್ಯೂಟರ್ ವಾಪಸ್ ಕೊಡುವಾಗ ಕ್ಯಾಬಿನೆಟ್ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸುತ್ತೇನೆ: ತಾರೀಕು, ಸುಮ್ನೆ ಇದ್ದಾಗ ಎಷ್ಟು, ಲೋಡ್ ಇದ್ದಾಗ ಎಷ್ಟು. ಮೊನ್ನೆ ಆ ಸ್ಟುಡಿಯೋದ ಕಂಪ್ಯೂಟರ್ ಧೂಳು ತೆಗೆಸಲು ಬಂದಿತ್ತು. ಚೀಟಿಯಲ್ಲಿ ಲೋಡ್ ಇದ್ದಾಗ 11.96. ಮೀಟರ್ ಹಿಡಿದೆ, 11.94.