ಜೋವಾ ತುಂಡಿನ ಜೊತೆ ಬಂದವರು

ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿಂದ ನನ್ನ ಮನೆಯ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿಗೆ ಒಂದು ಜೋವಾ ತುಂಡು ಬಂತು. ತಂಗಿಯ ಮಗ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಥರ್ಮಾಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ತಂದಿದ್ದ. ಬೆಳಿಗ್ಗೆ ಬಳ್ಳಾರಿ ಸ್ಟೇಷನ್‌ನಲ್ಲಿ ಇಳಿದವನೇ, "ಮಾಮಾ, ರಾತ್ರಿಯೆಲ್ಲ ಅಲುಗಾಡಿಸಿಲ್ಲ ನೋಡ್ರಿ" ಅಂದ.

ಜೋವಾ ಅಂದರೆ ಅಂಗಿಯ ಗುಂಡಿಯಷ್ಟು ಅಗಲದ ಹೂಗಳು ಒತ್ತೊತ್ತಾಗಿ ಅರಳಿದಂತೆ ಕಾಣುವ ಮೆತ್ತನೆಯ ಕಡಲಜೀವಿ. ಬಂಡೆ ಕಟ್ಟುವ ಗಟ್ಟಿ ಹವಳವನ್ನು ನಾನು ಸಾಕಿಲ್ಲ, ಸಾಕುವಂತೆಯೂ ಇಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಯುತ್ತದೆ. ನನಗೆ ಜೋವಾವೇ ಸಾಕು. ಹೊರಗೆ ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಟ್ಯಾಂಕಿನ ನೀರನ್ನು 26ರ ಆಸುಪಾಸಿನಲ್ಲಿ ನಿಲ್ಲಿಸುವುದೇ ದೊಡ್ಡ ಕೆಲಸ.

ಆ ದಿನ ಮನೆಗೆ ಬಂದು ಡಬ್ಬಿ ತೆಗೆದರೆ ಚೀಲದ ನೀರು ಬೆಚ್ಚಗಾಗಿತ್ತು. ಗಾಬರಿಯಾಯಿತು. ಹೊಸ ತುಂಡನ್ನು ಮೊದಲು ಔಷಧದ ನೀರಲ್ಲಿ ಅದ್ದಬೇಕು, ಕೆಲವು ವಾರ ಬೇರೆ ತೊಟ್ಟಿಯಲ್ಲಿ ಇಡಬೇಕು. ನಾನು ಎರಡನ್ನೂ ಬಿಟ್ಟು ನೇರವಾಗಿ ಟ್ಯಾಂಕಿಗೆ ಇಳಿಸಿದೆ.

ಮೂರನೇ ದಿನ ಒಂದು ಮೂಲೆಯ ಹೂಗಳು ಮುಚ್ಚಿಕೊಂಡವು. ಅವತ್ತು ರಾತ್ರಿ ನೀರು ಕುಡಿಯಲು ಎದ್ದ ಅವ್ವ ಟ್ಯಾಂಕಿನ ಮುಂದೆ ನಿಂತು ಕೂಗಿದಳು: "ಏನೋ ಇದು, ಜರಿ ಇದ್ದಂಗೈತಿ!" ಓಡಿ ಬಂದೆ. ಜೋವಾ ಬುಡದಲ್ಲಿ ಬೆರಳುದ್ದದ ಹುಳ. ಎರಡೂ ಪಕ್ಕಕ್ಕೆ ಬಿಳಿ ಕೂದಲಿನ ಕುಚ್ಚು. ಇದೇ ತಿನ್ನುತ್ತಿದೆ ಅನಿಸಿತು. ಬರಿಗೈಯಲ್ಲಿ ಎಳೆದು ಸಿಹಿನೀರಿಗೆ ಹಾಕಿದೆ. ಹುಳ ಸತ್ತಿತು. ಅದರ ಕೂದಲು ನನ್ನ ಬೆರಳಲ್ಲಿ ಉಳಿಯಿತು. ಪಾಪಸ್ಕಳ್ಳಿಯ ಸಣ್ಣ ಮುಳ್ಳು ಚುಚ್ಚಿದರೆ ಹೇಗೋ ಹಾಗೆ. ಕಣ್ಣಿಗೆ ಕಾಣುವುದಿಲ್ಲ, ಉರಿ ಮಾತ್ರ ನಿಲ್ಲುವುದಿಲ್ಲ. ಟೇಪ್ ಅಂಟಿಸಿ ಅಂಟಿಸಿ ಕಿತ್ತೆ.

ಮರುದಿನ ಮತ್ತೆರಡು ಹೂ ಮುಚ್ಚಿದವು.

ಚೆನ್ನೈನಲ್ಲಿ ಬಹಳ ವರ್ಷಗಳಿಂದ ಕಡಲ ಟ್ಯಾಂಕ್ ಇಟ್ಟಿರುವ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಅದರ ತಲೆ ಹೇಗಿತ್ತು?" ನಾನು ನೋಡಿರಲಿಲ್ಲ. ಹವಳ ತಿನ್ನುವ ಬೆಂಕಿಹುಳಕ್ಕೆ ತಲೆಯ ಮೇಲೆ ಮಾಂಸದ ಜುಟ್ಟಿನಂಥದ್ದು ಇರುತ್ತದಂತೆ, ಮೈ ದಪ್ಪ, ಪಕ್ಕದಲ್ಲಿ ಕೆಂಪು ಕಿವಿರು. ನಾನು ಹೇಳಿದ ತೆಳ್ಳನೆಯ, ನಸುಗೆಂಪು ಹುಳ ಸಾಮಾನ್ಯ ಬ್ರಿಸಲ್ ವರ್ಮ್. ಮೀನು ಬಿಟ್ಟ ಆಹಾರ, ಸತ್ತ ಜೀವಿ, ಕೊಳೆ, ಇದೇ ಅದರ ಊಟ. ಹೂ ಸಾಯುತ್ತಿದೆ ಅಂತ ಬಂದಿತ್ತೇ ಹೊರತು ಅದು ಕೊಂದಿರಲಿಲ್ಲ. ಕೇಳಿ ಮನಸ್ಸಿಗೆ ತುಂಬಾ ಕೆಟ್ಟದೆನಿಸಿತು. ಟ್ಯಾಂಕ್ ತೊಳೆಯುತ್ತಿದ್ದವನನ್ನೇ ಕೊಂದಿದ್ದೆ.

"ಟಾರ್ಚಿಗೆ ಕೆಂಪು ಹಾಳೆ ಸುತ್ತಿ, ಮಧ್ಯರಾತ್ರಿ ನೋಡಿ" ಅಂದರು ಅವರು. ಇಂಥ ಜೀವಿಗಳಲ್ಲಿ ಹೆಚ್ಚಿನವಕ್ಕೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ, ಓಡಿಹೋಗುವುದಿಲ್ಲ. ರಾತ್ರಿ ಎರಡರ ಹೊತ್ತಿಗೆ ಭೂತಗನ್ನಡಿ ಹಿಡಿದು ಕೂತೆ. ಎರಡು ಹೂಗಳ ನಡುವಿಂದ ಕಡಲೆಬೇಳೆಯಷ್ಟು ದೊಡ್ಡ ಶಂಖದ ಹುಳ ಹೊರಬಂತು. ಚಪ್ಪಟೆ ಸುರುಳಿ, ಮೇಲೆ ಬಿಳಿ-ಕಂದು ಚೌಕಗಳು. ನೋಡಲು ಎಷ್ಟು ಚೆಂದ ಗೊತ್ತಾ! ಈ ಸಲ ಕೊಲ್ಲಲಿಲ್ಲ. ಚಿಮಟದಲ್ಲಿ ಎತ್ತಿ ಕಪ್ಪಿನ ಉಪ್ಪುನೀರಿಗೆ ಬಿಟ್ಟು ತಿರುಗಿಸಿ ನೋಡಿದೆ. ಬಾಯಿ ಮುಚ್ಚುವ ಮುಚ್ಚಳ ಚಪ್ಪಟೆಯಾಗಿರಲಿಲ್ಲ, ಬುಗುರಿಯ ಹಾಗೆ ಸುತ್ತಿಕೊಂಡು ಮೊನಚಾಗಿತ್ತು. ಫೋಟೋ ಕಳಿಸಿದೆ. ಬೆಳಿಗ್ಗೆ ಉತ್ತರ ಬಂತು: ಸನ್‌ಡಯಲ್ ಶಂಖದ ಹುಳ. ಜೋವಾವೇ ಅದರ ಊಟ. ಹಗಲು ಅದರ ಸಂದಿಯಲ್ಲೇ ಅಡಗಿರುತ್ತದೆ.

ಆಮೇಲೆ ತುಂಡನ್ನು ಹೊರತೆಗೆದು ಅಯೋಡಿನ್ ಬೆರೆಸಿದ ಟ್ಯಾಂಕ್ ನೀರಲ್ಲಿ ಕೆಲವು ನಿಮಿಷ ಅದ್ದಿದೆ. ಗ್ಲೌಸ್, ಕನ್ನಡಕ ಎರಡೂ ಹಾಕಿಕೊಂಡೆ. ಇದು ಎಲ್ಲರಿಗೂ ಗೊತ್ತಿರಬೇಕು: ಕೆಲವು ಜೋವಾಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಅದನ್ನು ಮೊದಲು ಬೇರ್ಪಡಿಸಿದ್ದು ಇದೇ ಗುಂಪಿನ ಜೀವಿಯಿಂದ. ಹುಳ ಹೋಗಲಿ ಅಂತ ಜೋವಾ ಇರುವ ಕಲ್ಲಿಗೆ ಬಿಸಿನೀರು ಸುರಿಯುವುದು, ಒಣಗಿದ್ದನ್ನು ಉಜ್ಜುವುದು, ದಯವಿಟ್ಟು ಬೇಡ. ಹಬೆಯಿಂದಲೇ ಮನೆಮಂದಿ ಆಸ್ಪತ್ರೆ ಸೇರಿದ್ದಾರೆ.

ತುಂಡಿನ ಅಡಿಯಲ್ಲಿ ಇನ್ನೊಬ್ಬರೂ ಇದ್ದರು. ಕಂದು ಬಣ್ಣದ ಪುಟ್ಟ ಐಪ್ಟೇಷಿಯಾ, ಅಂದರೆ ಟ್ಯಾಂಕಿನಲ್ಲಿ ಕಳೆಯಂತೆ ಹಬ್ಬುವ, ಹೂವಿನಂತೆ ಕಾಣುವ ಕಡಲಜೀವಿ. ಇದನ್ನು ಚಿವುಟಿದರೆ ಹೊಲದ ಜೇಕಿನ ಹಾಗೆ, ಉಳಿದ ಚೂರೂ ಹೊಸ ಜೀವಿಯಾಗುತ್ತದೆ. ಹಾಗಾಗಿ ಕೀಳಲು ಹೋಗದೆ, ಅದು ಕೂತಿದ್ದ ಕಲ್ಲಿನ ಚೂರನ್ನೇ ಒಡೆದು ತೆಗೆದೆ.

ಅದ್ದುವ ಔಷಧಕ್ಕೆ ಮೊಟ್ಟೆಗಳು ಸಾಯುವುದಿಲ್ಲ. ಹನ್ನೊಂದನೇ ರಾತ್ರಿ ಎಳ್ಳಿನಷ್ಟು ಸಣ್ಣ ಶಂಖದ ಹುಳ ಇನ್ನೊಂದು ಸಿಕ್ಕಿತು. ತುಂಡು ಈಗಲೂ ಬೇರೆ ತೊಟ್ಟಿಯಲ್ಲೇ ಇದೆ. ನಾಲ್ಕು ಹೂ ಹೋದವು, ಉಳಿದವು ಅರಳಿವೆ. ಹೊಸಪೇಟೆಯ ಗೆಳೆಯನಿಗೆ ಒಂದು ಚೂರು ಬೇಕಂತೆ, ವಾರಕ್ಕೊಮ್ಮೆ ಕೇಳುತ್ತಾನೆ. ಇನ್ನೂ ಕೊಟ್ಟಿಲ್ಲ.